ಬಾಲಿಯ ಅಮೆಡ್‌ನಲ್ಲಿ ನಾಲ್ಕು ರಾತ್ರಿ, ಅಮ್ಮ ಮತ್ತು ಮಗಳ ಜೊತೆ: ಹೋಗಿ ಬಂದವರು ಹೇಳಿ

ಮೈಸೂರಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಬಾಲಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನ್ರು, 9 ವರ್ಷದ ಮಗಳು, ಜೊತೆಗೆ 66ರ ಅಮ್ಮ. ಏಜೆಂಟ್ ಕೊಟ್ಟ ಪಟ್ಟಿ ನೋಡಿದರೆ ದಿನಕ್ಕೆ ಐದು ಜಾಗ, ರಜೆಯೆಲ್ಲಾ ಕಾರಿನೊಳಗೇ ಮುಗಿಯುತ್ತದೆ. ಅದನ್ನು ಬಿಟ್ಟು ದ್ವೀಪದ ಪೂರ್ವ ತುದಿಯಲ್ಲಿರುವ ಅಮೆಡ್ ಅನ್ನೋ ಮೀನುಗಾರರ ಹಳ್ಳಿಯಲ್ಲಿ ನಾಲ್ಕು ರಾತ್ರಿ ಉಳಿಯೋಣ ಅಂತ ಇವರ ಹಟ. ಅಮ್ಮನಿಗೆ ಮಂಡಿನೋವು, ಮೊಟ್ಟೆ ಕೂಡ ತಿನ್ನುವುದಿಲ್ಲ. ಮಗಳಿಗೆ ಈಜು ಬರುತ್ತದೆ, ಆದರೆ ಈಜುಕೊಳದಲ್ಲಿ ಕಲಿತದ್ದು. ನಾಲ್ಕು ದಿನ ಅಲ್ಲಿ ಏನು ಮಾಡುವುದು? ಅಮ್ಮನ ಊಟದ ಗತಿ ಏನು? ಇದ್ದದ್ದು ಇದ್ದ ಹಾಗೆ ಹೇಳಿ ದಯವಿಟ್ಟು.

ಬೆಂಗಳೂರಿನಿಂದ, ಎರಡು ಸಲ ಹೋದವರು

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಅಮೆಡ್ ಅನ್ನುವುದು ಮೊದಲಿಗೆ ಒಂದೇ ಹಳ್ಳಿಯ ಹೆಸರು. ಈಗ ಕಡಲಿಗೆ ಅಂಟಿಕೊಂಡ ಹತ್ತು ಹನ್ನೆರಡು ಕಿಲೋಮೀಟರ್ ರಸ್ತೆಯ ಎಲ್ಲ ಹಳ್ಳಿಗಳನ್ನೂ ಹಾಗೇ ಕರೆಯುತ್ತಾರೆ. ಚುಲಿಕ್ ಅನ್ನೋ ಕೂಡುರಸ್ತೆಯಿಂದ ಕಡಲ ಕಡೆ ಇಳಿದರೆ ಮೊದಲು ಅಮೆಡ್, ಆಮೇಲೆ ಜೆಮೆಲುಕ್, ಬುನುತಾನ್, ಲಿಪಾ, ಬನ್ಯುನಿಂಗ್, ಕೊನೆಗೆ ಆಸ್. ಒಂದೊಂದು ಹಳ್ಳಿಗೂ ಒಂದೊಂದು ಪುಟ್ಟ ಕೊಲ್ಲಿ, ನಡುವೆ ಗುಡ್ಡ. ರೂಮು ಬುಕ್ ಮಾಡುವಾಗ ಯಾವ ಕೊಲ್ಲಿ ಅಂತ ನೋಡಿಕೊಳ್ಳಿ. ಅಮ್ಮ ಜೊತೆಗಿದ್ದಾರೆ ಅಂದರೆ ಅಮೆಡ್ ಅಥವಾ ಜೆಮೆಲುಕ್‌ನಲ್ಲೇ ಇರಿ, ಅಲ್ಲಿ ಕಡಲ ಪಕ್ಕದ ಜಾಗ ಸಮತಟ್ಟು. ಬುನುತಾನ್ ಕಡೆಯ ಗುಡ್ಡದ ಮೇಲಿನ ರೂಮುಗಳು ಫೋಟೋದಲ್ಲಿ ಬಹಳ ಚಂದ. ಹತ್ತುವಾಗ ಗೊತ್ತಾಗುತ್ತದೆ.

ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರಿಂದ ನೇರ ವಿಮಾನ ಇದೆ. ಅಲ್ಲಿಂದ ಅಮೆಡ್‌ಗೆ ಕಾರಿನಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ. ನಾನು ಕಾರಿಗೆ ಕೊಟ್ಟದ್ದು ಆರೂವರೆ ಲಕ್ಷ ರುಪಿಯಾ, ಇಂಡೊನೇಷ್ಯಾದ ದುಡ್ಡು. ಗಾಬರಿ ಬೇಡ, ನಮ್ಮ ದುಡ್ಡಲ್ಲಿ ಮೂರೂವರೆ ಸಾವಿರದ ಹತ್ತಿರ. ವೀಸಾಕ್ಕೆ 5 ಲಕ್ಷ, ಬಾಲಿಯ ಪ್ರವಾಸಿ ಶುಲ್ಕ ಅಂತ 1.5 ಲಕ್ಷ, ತಲೆಗೆ. ಎರಡನ್ನೂ ಮನೆಯಲ್ಲೇ ಆನ್‌ಲೈನ್ ಕಟ್ಟಿಬಿಡಿ.

ನಾಲ್ಕು ದಿನ ಏನು ಮಾಡುವುದು ಅಂದಿರಿ. ಮೊದಲ ಸಲ ನನಗೂ ಅದೇ ಯೋಚನೆ, ಪಟ್ಟಿ ಮಾಡಿಕೊಂಡೇ ಹೋಗಿದ್ದೆ. ಎರಡನೇ ದಿನ ಪಟ್ಟಿ ಮಡಚಿ ಬ್ಯಾಗಿಗೆ ಹಾಕಿದೆ. ಬೆಳಿಗ್ಗೆ ಲೊಂಬೊಕ್ ದ್ವೀಪದ ರಿಂಜಾನಿ ಬೆಟ್ಟದ ಕಡೆಯಿಂದ ಸೂರ್ಯ ಏಳುತ್ತಾನೆ, ಸಂಜೆ ಅಗುಂಗ್ ಬೆಟ್ಟದ ಬೆನ್ನಿಗೆ ಇಳಿಯುತ್ತಾನೆ. ನಡುವೆ ನೀರಿಗಿಳಿಯುವುದು, ತಿನ್ನುವುದು, ನಿದ್ದೆ. ಅಷ್ಟೇ ರೀ.

ಹುಬ್ಬಳ್ಳಿಯಿಂದ

ಎಲ್ಲರೂ ಹೊಗಳುತ್ತಾರೆ, ನಾನು ಬೇರೆ ಮಾತು ಹೇಳುತ್ತೇನೆ. ನನಗೆ ಹಿಡಿಸಲಿಲ್ಲ. ಬೀಚ್ ಅಂದರೆ ಬಿಳಿ ಮರಳು ಅಂದುಕೊಂಡಿದ್ದೆ, ಅಲ್ಲಿರುವುದು ಜ್ವಾಲಾಮುಖಿಯ ಕರಿ ಮರಳು, ಬಹಳ ಕಡೆ ಬರೀ ಉರುಟು ಕಲ್ಲು. ಮಧ್ಯಾಹ್ನ ಕಾಲಿಡೋಕೆ ಆಗಲ್ಲ, ಸುಡುತ್ತದೆ. ರಾತ್ರಿ ಒಂಬತ್ತಕ್ಕೆ ಊರು ಮಲಗುತ್ತದೆ, ಮೂರಕ್ಕೆ ಹುಂಜಗಳು ಶುರು. ಒಂದೊಂದು ಮನೆಯ ಮುಂದೆ ನಾಲ್ಕೈದು ಹುಂಜ, ಬುಟ್ಟಿಯೊಳಗೆ. ಕೋಳಿ ಅಂಕದ ಹುಚ್ಚು ಜೋರು ಅಲ್ಲಿ. ನಲ್ಲಿ ನೀರು ನಮ್ಮ ಹೋಂಸ್ಟೇಯಲ್ಲಿ ಸ್ವಲ್ಪ ಉಪ್ಪು, ಸೋಪು ನೊರೆಯೇ ಬರಲಿಲ್ಲ.

ಇನ್ನೊಂದು ಮಾತು. ಬಾಡಿಗೆ ಸ್ಕೂಟರ್ ತಗೊಳ್ಳುವುದಾದರೆ ಬ್ರೇಕ್ ಹಿಡಿದು ನೋಡಿ. ನನಗೆ ಕೊಟ್ಟದ್ದರಲ್ಲಿ ಹಿಂದಿನ ಬ್ರೇಕ್ ಹೆಸರಿಗೆ ಮಾತ್ರ. ಲಿಪಾ ಇಳಿಜಾರಿನಲ್ಲಿ ಚಪ್ಪಲಿ ಸವೆಸಿ ನಿಲ್ಲಿಸಿದೆ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ನಮ್ಮ ಆರ್‌ಟಿಒದಲ್ಲೇ ಆಗುತ್ತದೆ, ಅದಿಲ್ಲದೆ ಬಿದ್ದರೆ ವಿಮೆಯವರು ಕೈಯೆತ್ತುತ್ತಾರೆ. ನಿಮ್ಮದು ಸಂಸಾರ, ಜೊತೆಗೆ ಅಮ್ಮ. ಸ್ಕೂಟರ್ ಗೊಡವೆಗೆ ಹೋಗಬ್ಯಾಡ್ರಿ, ದಿನದ ಲೆಕ್ಕದಲ್ಲಿ ಕಾರು, ಡ್ರೈವರ್ ಸಿಗುತ್ತಾರೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಅಮ್ಲಾಪುರಕ್ಕೇ ಹೋಗಬೇಕು, ಕರಂಗಾಸೆಮ್ ಜಿಲ್ಲೆಯ ಮುಖ್ಯ ಊರು ಅದು. ಅಮ್ಮನ ಮಾತ್ರೆ ಲೆಕ್ಕಕ್ಕಿಂತ ಜಾಸ್ತಿಯೇ ಇಟ್ಟುಕೊಳ್ಳಿ.

ಶಿವಮೊಗ್ಗದಿಂದ

ಊಟದ ವಿಷಯ ನಾನು ಹೇಳುತ್ತೇನೆ ಅಕ್ಕ, ನಮ್ಮತ್ತೆಯನ್ನು ಕರೆದುಕೊಂಡು ಹೋಗಿ ಆರು ದಿನ ಪಾಡು ಪಟ್ಟವಳು ನಾನು.

ಅಲ್ಲಿ ಕಷ್ಟ ಕೊಡುವುದು ಮಾಂಸ ಅಲ್ಲ, ಅದು ಕಣ್ಣಿಗೆ ಕಾಣುತ್ತದೆ. ಕಷ್ಟ ಕೊಡುವುದು ತೆರಾಸಿ. ಸೀಗಡಿಯನ್ನು ಹುದುಗು ಬರಿಸಿ, ಅರೆದು, ಒಣಗಿಸಿ ಮಾಡುವ ಕಂದು ಬಣ್ಣದ ಗಟ್ಟಿ. ನಾವು ಇಂಗು ಹಾಕಿದಷ್ಟು ಸಲೀಸಾಗಿ ಹಾಕುತ್ತಾರೆ. ಸಂಬಾಲ್ ಚಟ್ನಿಯಲ್ಲಿ ಇರುತ್ತದೆ, ಸೊಪ್ಪಿನ ಪಲ್ಯದಲ್ಲಿ ಇರುತ್ತದೆ, ಎಷ್ಟೋ ಕಡೆ ಶೇಂಗಾ ಗೊಜ್ಜಿನಲ್ಲೂ. "ವೆಜಿಟೇರಿಯನ್" ಅಂದರೆ ಪಾಪ, ಮಾಂಸದ ತುಂಡು ತೆಗೆದು ಪ್ರೀತಿಯಿಂದ ಕೊಡುತ್ತಾರೆ. ಆದ್ದರಿಂದ ಒಂದು ಮಂತ್ರ ಬಾಯಿಪಾಠ ಮಾಡಿಕೊಳ್ಳಿ: ತನ್‌ಪಾ ಡಾಗಿಂಗ್, ತನ್‌ಪಾ ಇಕಾನ್, ತನ್‌ಪಾ ತೆಲುರ್, ತನ್‌ಪಾ ತೆರಾಸಿ. ಮಾಂಸ, ಮೀನು, ಮೊಟ್ಟೆ, ತೆರಾಸಿ ಇಲ್ಲದೆ ಅಂತ. ನಮ್ಮತ್ತೆ ಮೂರನೇ ದಿನಕ್ಕೆ ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಹಪ್ಪಳ ಕಂಡರೂ ಕೇಳಿ, ಕ್ರುಪುಕ್ ಅಂತ ಕೊಡುವುದರಲ್ಲಿ ಸೀಗಡಿ ಇರುವುದೇ ಹೆಚ್ಚು.

ತಿನ್ನುವುದಕ್ಕೆ ಏನುಂಟು ಅಂದರೆ, ತೆಂಪೆ. ಸೋಯಾ ಕಾಳನ್ನು ಬೂಷ್ಟು ಕಟ್ಟಿಸಿ ಬಿಲ್ಲೆ ಮಾಡಿರುತ್ತಾರೆ. ಹೀಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ, ಹೇಳಬೇಡಿ. ಗರಿಗರಿಯಾಗಿ ಕರಿದು ಕೊಟ್ಟರೆ ಅಮ್ಮ ಕೇಳಿ ಹಾಕಿಸಿಕೊಳ್ಳುತ್ತಾರೆ. ಗಾಡೊ ಗಾಡೊ ಅಂದರೆ ಬೇಯಿಸಿದ ತರಕಾರಿ, ಮೇಲೆ ಶೇಂಗಾ ಗೊಜ್ಜು. ಅದರಲ್ಲೂ ಮೊಟ್ಟೆ ಇಡುತ್ತಾರೆ, ಮಂತ್ರ ಮರೆಯಬೇಡಿ. ಕ್ಲೆಪೊನ್ ಸಿಕ್ಕರೆ ಬಿಡಬೇಡಿ. ಅಕ್ಕಿ ಹಿಟ್ಟಿನ ಹಸಿರು ಉಂಡೆ, ಹೊರಗೆ ಕಾಯಿತುರಿ, ಒಳಗೆ ಕರಗಿದ ತಾಟಿಬೆಲ್ಲ. ಕಡಿಯಬಾರದು, ಇಡೀ ಬಾಯಿಗೆ ಹಾಕಬೇಕು. ಅತ್ತೆ ಕಡಿದು ಸೀರೆಯ ಮೇಲೆ ಬೆಲ್ಲ ಚೆಲ್ಲಿಕೊಂಡರು. ಕರಿ ಅಕ್ಕಿಗೆ ತೆಂಗಿನ ಹಾಲು ಹಾಕಿದ ಪಾಯಸವೂ ಉಂಟು, ಬುಬುರ್ ಇಂಜಿನ್.

ಹಾಗಂತ ಬರೀ ಕೈಯಲ್ಲಿ ಹೋಗಬೇಡಿ. ಚಟ್ನಿಪುಡಿ, ಅವಲಕ್ಕಿ, ಸಣ್ಣ ರೈಸ್ ಕುಕ್ಕರ್. ನಾವಿದ್ದ ಮನೆಯಾಕೆ ಅಡುಗೆಮನೆ ಬಿಟ್ಟುಕೊಟ್ಟರು. ಒಂದು ದಿನ ನಮ್ಮತ್ತೆ ಮಾಡಿದ ಹುಣಸೆಹಣ್ಣಿನ ಸಾರು ಕುಡಿದು, ಇನ್ನೊಂದು ಲೋಟ ಕೇಳಿದರು.

ಕುಂದಾಪುರದಿಂದ

ನಾನು ಹೋದದ್ದು ದೋಣಿ ನೋಡುವುದಕ್ಕೇ ಅನ್ನಿ. ನಮ್ಮಜ್ಜ ದೋಣಿಗೆ ಹೋಗುತ್ತಿದ್ದವರು. ಅಮೆಡ್‌ನ ದೋಣಿಗೆ ಜುಕುಂಗ್ ಅಂತಾರೆ. ಕಿರಿದಾದ ಒಡಲು, ಎರಡೂ ಬದಿಗೆ ಬಿದಿರಿನ ತೇಲುಕಂಬ. ನಮ್ಮ ಕಾರವಾರ ಕಡೆ ಒಂದೇ ಬದಿಗೆ ಕಂಬ ಕಟ್ಟುವ ದೋಣಿ ಇದೆ, ಇದು ಎರಡು ಕೈ ಚಾಚಿದ ಹಾಗೆ. ಮೂತಿಗೆ ಆನೆ-ಮೀನಿನ ಮುಖ, ಅದಕ್ಕೆ ಬಣ್ಣದ ಕಣ್ಣು. ಕತ್ತಲಲ್ಲೂ ದೋಣಿಗೆ ದಾರಿ ಕಾಣಲಿ ಅಂತ.

ನಸುಕಿಗೆ ಎದ್ದು ಕಡಲ ಬದಿಗೆ ಬನ್ನಿ. ಏಳೆಂಟು ಗಂಟೆಗೆ ಮುಕ್ಕೋನೆ ಹಾಯಿಗಳು ಸಾಲಾಗಿ ವಾಪಸ್ ಬರುತ್ತವೆ. ದೋಣಿ ದಡ ಮುಟ್ಟಿದ ಕೂಡಲೇ ಹತ್ತಿರವಿದ್ದವರೆಲ್ಲ ಓಡಿ ತೇಲುಕಂಬಕ್ಕೆ ಹೆಗಲು ಕೊಟ್ಟು ಎತ್ತುತ್ತಾರೆ. ನಾನೂ ಕೊಟ್ಟೆ. ಯಾರೂ ಕರೆಯಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಎತ್ತಿದ ಮೇಲೆ ಒಬ್ಬಾತ ಎರಡು ಮೀನು ಎತ್ತಿ ನನ್ನ ಕೈಗಿಟ್ಟ. ಹೆಗಲು ಕೊಟ್ಟವನಿಗೆ ಪಾಲು, ನಮ್ಮೂರ ಕ್ರಮವೇ ಅಲ್ವಾ! ಆತನ ಹೆಸರು ಕೆತುತ್ ಅಂದರೆ ನಾಲ್ಕನೆಯವನು. ಅಲ್ಲಿ ಹುಟ್ಟಿದ ಕ್ರಮದಲ್ಲಿ ವಯಾನ್, ಮಡೆ, ನ್ಯೊಮಾನ್, ಕೆತುತ್ ಅಂತ ಹೆಸರು, ಐದನೆಯದು ಹುಟ್ಟಿದರೆ ಮತ್ತೆ ವಯಾನ್‌ನಿಂದ ಶುರು. ಮಗಳಿಗೆ ಇದು ಮೊದಲೇ ಹೇಳಿಡಿ, ಕಂಡವರನ್ನೆಲ್ಲ ಎಷ್ಟನೆಯವರು ಅಂತ ಲೆಕ್ಕ ಹಾಕುತ್ತಾಳೆ.

ಜೆಮೆಲುಕ್‌ನಲ್ಲಿ ದಡದಿಂದ ಹತ್ತು ಮಾರು ಹೋದರೆ ಹವಳ. ಲೈಫ್ ಜಾಕೆಟ್ ಹಾಕಿ, ಬೆಳಿಗ್ಗೆ ಕಡಲು ತೆಪ್ಪಗಿರುವಾಗ ಮಗಳನ್ನು ಇಳಿಸಿ. ಕೊಲ್ಲಿಯ ಮೂಗು ದಾಟಬೇಡಿ, ಆಚೆ ಲೊಂಬೊಕ್ ಜಲಸಂಧಿಯ ಸೆಳೆತ ಇದೆ. ಕಾಲಿಗೆ ರಬ್ಬರ್ ಶೂ ಬೇಕೇ ಬೇಕು. ನಾನು ಧಿಮಾಕು ಮಾಡಿ ಬರಿಗಾಲಲ್ಲಿ ಇಳಿದು ಕಡಲಮುಳ್ಳು ತುಳಿದೆ. ಎರಡು ದಿನ ಕುಂಟಿದೆ.

ಮೈಸೂರಿನಿಂದ

ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಲ್ಲರೂ! ಮಂತ್ರ ಬರೆದುಕೊಂಡೆ. ಇನ್ನೊಂದು ಭಯ. ಅಗುಂಗ್ ಅಂದರೆ ಜ್ವಾಲಾಮುಖಿ ಅಲ್ವಾ? ಅದರ ಬುಡದಲ್ಲೇ ಅಮ್ಮನನ್ನು ಇರಿಸುವುದಾ?

ಬೆಂಗಳೂರಿನಿಂದ, ಎರಡು ಸಲ ಹೋದವರು

ಹೌದು, 3,000 ಮೀಟರ್ ದಾಟಿದ ಜೀವಂತ ಜ್ವಾಲಾಮುಖಿ. 1963ರಲ್ಲಿ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. 2017ರಲ್ಲಿ ಲಕ್ಷಕ್ಕೂ ಜಾಸ್ತಿ ಜನರನ್ನು ಮುಂಚೆಯೇ ಸಾಗಿಸಿದ್ದರು, ವಿಮಾನ ನಿಲ್ದಾಣವೂ ಕೆಲ ದಿನ ಮುಚ್ಚಿತ್ತು. ಈಗ ಅಳೆದು ನೋಡಿ ಅಪಾಯದ ಮಟ್ಟ ಘೋಷಿಸುತ್ತಾರೆ. ಹೊರಡುವ ವಾರ ಆ ಮಟ್ಟ ಎಷ್ಟಿದೆ ಅಂತ ನೋಡಿಕೊಳ್ಳಿ, ಅಷ್ಟು ಸಾಕು.

ಬೆಟ್ಟದ ಕೈವಾಡ ನೋಡಬೇಕೆಂದರೆ ಪಕ್ಕದ ತುಲಂಬೆನ್‌ಗೆ ಹೋಗಿ. ಲಿಬರ್ಟಿ ಅನ್ನೋ ಅಮೆರಿಕದ ಸರಕು ಹಡಗಿಗೆ 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಹೊಡೆಯಿತು. ಮುಳುಗುವ ಮುಂಚೆ ಎಳೆದು ಇಲ್ಲಿನ ದಡಕ್ಕೆ ಹತ್ತಿಸಿದರು. ಇಪ್ಪತ್ತೊಂದು ವರ್ಷ ಹಾಗೇ ದಡದಲ್ಲಿ ಬಿದ್ದಿತ್ತು. 1963ರಲ್ಲಿ ಅಗುಂಗ್ ಅದುರಿಸಿ ನೀರಿಗೆ ಉರುಳಿಸಿತು. ಈಗ ಅದರ ಮೈಯೆಲ್ಲಾ ಹವಳ, ಮೇಲ್ಭಾಗ ನೀರಿನಿಂದ ಐದಾರು ಮೀಟರ್ ಕೆಳಗಷ್ಟೇ. ಡೈವಿಂಗ್ ಬಾರದ ನಾನು ಸ್ನಾರ್ಕೆಲ್ ಅನ್ನೋ ಉಸಿರಾಟದ ಕೊಳವೆ ಹಾಕಿ ಮೇಲಿಂದಲೇ ನೋಡಿದೆ. ಡೈವ್ ಮಾಡುವವರ ಆ ಮಣಭಾರದ ಸಿಲಿಂಡರುಗಳನ್ನು ಊರಿನ ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತು, ಆ ಉರುಟು ಕಲ್ಲಿನ ಮೇಲೆ ನಡೆಯುತ್ತಾರೆ. ಹಡಗಿಗಿಂತ ಅದೇ ನನಗೆ ನೆನಪಿದೆ.

ಅಮ್ಮನಿಗೆ ಒಂದು ಮಧ್ಯಾಹ್ನ ತೀರ್ತಾ ಗಂಗಾ ತೋರಿಸಿ. ಕರಂಗಾಸೆಮ್‌ನ ರಾಜ 1940ರ ದಶಕದಲ್ಲಿ ಕಟ್ಟಿಸಿದ ನೀರಿನ ತೋಟ, ಹೆಸರು ಕೇಳಿಯೇ ಖುಷಿಪಡುತ್ತಾರೆ. ಹತ್ತುವ ಕಷ್ಟ ಇಲ್ಲ. ಲೆಂಪುಯಾಂಗ್ ದೇವಸ್ಥಾನದ "ಸ್ವರ್ಗದ ಬಾಗಿಲು" ಫೋಟೋ ಆಸೆ ಇದ್ದರೆ ಬಿಟ್ಟುಬಿಡಿ. ಫೋಟೋದಲ್ಲಿ ಕಾಣುವ ಕೆರೆ ಅಲ್ಲಿಲ್ಲ. ಮೊಬೈಲ್ ಕೆಳಗೆ ಕನ್ನಡಿ ಹಿಡಿಯುತ್ತಾರೆ, ಅದಕ್ಕೆ ಗಂಟೆಗಟ್ಟಲೆ ಕ್ಯೂ.

ಕುಮಟಾದಿಂದ

ಯಾರೂ ಉಪ್ಪಿನ ವಿಷಯ ಎತ್ತಲಿಲ್ಲವಲ್ಲ! ಡೈವಿಂಗ್‌ನವರು ಬರುವ ಮುಂಚೆ ಅಮೆಡ್ ಹೆಸರಾದದ್ದೇ ಉಪ್ಪಿಗೆ. ಆಗಸ್ಟ್ ಅಂದರೆ ಸರಿಯಾದ ಕಾಲ, ಒಣ ಹವೆ, ಉಪ್ಪು ಮಾಡುವ ಆಗರದ ಕೆಲಸ ನಡೆದಿರುತ್ತದೆ.

ನಮ್ಮ ಸಾಣಿಕಟ್ಟಾ ಆಗರದಲ್ಲಿ ಉಬ್ಬರದ ನೀರನ್ನು ಗದ್ದೆಗೆ ಬಿಟ್ಟುಕೊಂಡು ಬಿಸಿಲಿಗೆ ಒಣಗಿಸುತ್ತಾರೆ. ಅಮೆಡ್‌ನಲ್ಲಿ ಕಡಲನ್ನು ಹೊತ್ತೇ ತರಬೇಕು. ಹೆಗಲ ಮೇಲೆ ಅಡ್ಡೆ, ಎರಡು ತುದಿಗೆ ನೀರು. ಹದ ಮಾಡಿದ ಮಣ್ಣಿನ ಮೇಲೆ ಅದನ್ನು ಚಿಮುಕಿಸುತ್ತಾರೆ, ಒಣಗಿಸುತ್ತಾರೆ, ಮತ್ತೆ ಚಿಮುಕಿಸುತ್ತಾರೆ. ಮಣ್ಣು ಉಪ್ಪು ಕುಡಿದ ಮೇಲೆ ಅದನ್ನು ಕೆರೆದು, ಬಿದಿರಿನ ದೊಡ್ಡ ಶಂಕುವಿನಂಥ ಬುಟ್ಟಿಗೆ ತುಂಬಿ, ಮೇಲಿಂದ ಮತ್ತೆ ಕಡಲ ನೀರು ಹೊಯ್ಯುತ್ತಾರೆ. ಫಿಲ್ಟರ್ ಕಾಫಿ ಇಳಿಸಿದ ಹಾಗೆ ಕೆಳಗೆ ಗಟ್ಟಿ ಉಪ್ಪುನೀರು ಇಳಿಯುತ್ತದೆ. ಅದನ್ನು ತೆಂಗಿನ ಕಾಂಡ ಕೊರೆದ ಮರಿಗೆಗಳಿಗೆ ಹೊಯ್ದು ಬಿಸಿಲಿಗೆ ಇಡುತ್ತಾರೆ. ನೂರಾರು ಮರಿಗೆ, ಕಡಲಿಗೆ ಮುಖ ಮಾಡಿ, ಸಾಲಾಗಿ. ಕೆಲ ದಿನಕ್ಕೆ ಹರಳು ಕಟ್ಟುತ್ತದೆ.

ನನಗೆ ತೋರಿಸಿದ ಮುದುಕರು ಮರಿಗೆಯ ಅಂಚಿನಿಂದ ತೆಂಗಿನ ಚಿಪ್ಪಿನಲ್ಲಿ ಒಂದಿಷ್ಟು ಕೆರೆದು ಅಂಗೈಗೆ ಹಾಕಿದರು. ತೆಳು ಹರಳು, ನಾಲಿಗೆಗೆ ಚುಚ್ಚುವುದಿಲ್ಲ, ಕೊನೆಯಲ್ಲಿ ಸ್ವಲ್ಪ ಸಿಹಿ. "ಗರಾಮ್" ಅಂದರು. ನಾನು ಬಿಸಿ ಇದೆ ಅನ್ನುತ್ತಿದ್ದಾರೆ ಅಂದುಕೊಂಡೆ. ಅವರ ಭಾಷೆಯಲ್ಲಿ ಗರಾಮ್ ಅಂದರೇ ಉಪ್ಪು. ಈ ಉಪ್ಪಿಗೆ ಜಿಐ, ಅಂದರೆ ಇದು ಈ ಊರಿನದೇ ಅನ್ನೋ ಮಾನ್ಯತೆ ಸಿಕ್ಕಿದೆ. ಆದರೆ ಕಡಲ ಪಕ್ಕದ ಆ ಜಾಗಕ್ಕೆ ಹೋಟೆಲಿನವರು ಕೊಡುವ ಬೆಲೆಯ ಮುಂದೆ ಉಪ್ಪಿನ ಲೆಕ್ಕ ಎಲ್ಲಿ ನಿಲ್ಲುತ್ತದೆ? ನಾನು ಉಳಿದ ಹೋಂಸ್ಟೇಯ ಅಂಗಳದಲ್ಲೇ ಹಳೇ ಮರಿಗೆಯೊಂದಿತ್ತು, ಮಣ್ಣು ತುಂಬಿ ಹೂವಿನ ಗಿಡ ನೆಟ್ಟಿದ್ದರು. ಉಪ್ಪನ್ನು ಅಂಗಡಿಯಲ್ಲಿ ಕೊಳ್ಳಬೇಡಿ, ಆಗರದಲ್ಲೇ ಕೊಳ್ಳಿ, ಚೌಕಾಸಿ ಮಾಡಬೇಡಿ.

ಮೈಸೂರಿನಿಂದ

ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಜ್ವಾಲಾಮುಖಿ, ಹುಂಜ, ಸೀಗಡಿ ಯಾವುದಕ್ಕೂ ಹೆದರಲಿಲ್ಲ. ಉಪ್ಪಿನ ಜಾಗ ಬಂದಾಗ ಮಾತ್ರ ಕನ್ನಡಕ ತೆಗೆದು, "ಬೆಳಿಗ್ಗೇನೇ ಹೋಗಿ ತರೋಣ, ದೀಪ ಹಚ್ಚಿದ ಮೇಲೆ ಉಪ್ಪು ಕೊಡೋದಿಲ್ಲ ಯಾರೂ" ಅಂದರು. ಜೆಮೆಲುಕ್‌ನಲ್ಲಿ ನೆಲಮಹಡಿಯ ರೂಮು ಹಿಡಿದಿದ್ದೇವೆ, ಐದು ರಾತ್ರಿಗೆ. ಶಿವಮೊಗ್ಗದ ಅಕ್ಕ, ಕುಕ್ಕರ್ ಎಷ್ಟು ಲೀಟರಿನದು ಒಯ್ದಿದ್ದಿರಿ?