ಕೈ ಎತ್ತಲು ಬಿಡುವ ಬೆಲ್ಟ್

ನಮ್ಮ ಕುಟುಂಬದ ‘ತರವಾಡು ಮನೆ’ (ಮೂಲಮನೆ) ಗುಂಪಿನಲ್ಲಿ ಬುಧವಾರ ರಾತ್ರಿ ನಡೆದ ಮಾತು ಇದು. ಭುಜ ಜಾರುವ, ಅಂದರೆ ಭುಜದ ಕೀಲು ತಪ್ಪುವ, ಮಕ್ಕಳಿರುವ ಬೇರೆ ಮನೆಯವರಿಗೂ ಬೇಕಾಗಬಹುದು. ಹಾಗಾಗಿ ಎಲ್ಲರನ್ನೂ ಕೇಳಿ, ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ನಡುವೆ ಬಂದ ಶುಭಾಶಯ, ಹೂವಿನ ಚಿತ್ರ ಎಲ್ಲ ಬಿಟ್ಟಿದ್ದೇನೆ. ಅಪ್ಪಚ್ಚಿ ಅಂದರೆ ಚಿಕ್ಕಪ್ಪ, ಮಾಣಿ ಅವರ ಮಗ.

ನೀರ್ಚಾಲು ಅಪ್ಪಚ್ಚಿ: ಫಾರ್ವರ್ಡ್ ಆದ ವಿಡಿಯೊ. “ಭುಜ ಜಾರುವವರಿಗೆ ಮ್ಯಾಗ್ನೆಟ್ ಬೆಲ್ಟ್. ಎಡಕ್ಕೂ ಬಲಕ್ಕೂ ಒಂದೇ. ಎಲ್ಲರಿಗೂ ಒಂದೇ ಅಳತೆ. 21 ದಿನ ಹಾಕಿದರೆ ಆಪರೇಷನ್ ಬೇಡ. ಬೆಲೆ 799 ಮಾತ್ರ.”

ನೀರ್ಚಾಲು ಅಪ್ಪಚ್ಚಿ: ಮಾಣಿಗೆ ಇದನ್ನು ತರಿಸುವುದು ಅಂತ ಇದ್ದೇನೆ. ಬರುವ ಆದಿತ್ಯವಾರ ಅಡಿಕೆ ತೋಟಕ್ಕೆ ಮದ್ದು ಬಿಡಲು ಶುರು ಮಾಡಬೇಕು. ಬೆಲ್ಟ್ ಹಾಕಿಕೊಂಡು ದೋಟಿ (ಮೇಲಕ್ಕೆ ಮದ್ದು ಬಿಡುವ ಉದ್ದ ಕೋಲು) ಹಿಡಿಯಬಹುದು ಅಲ್ವಾ. ಯಾರಾದರೂ ತರಿಸಿದವರು ಇದ್ದೀರಾ?

ಪೆರ್ಲ ಅತ್ತೆ: ಒಳ್ಳೆಯದು ಕಾಣ್ತದೆ. ಕಡಿಮೆ ಕ್ರಯವೂ ಉಂಟು.

ನಾನು: ಅಪ್ಪಚ್ಚಿ, ದಯಮಾಡಿ ತರಿಸಬೇಡಿ.

ನೀರ್ಚಾಲು ಅಪ್ಪಚ್ಚಿ: ಯಾಕೆ? 799 ಹೋದರೆ ಹೋಗಲಿ.

ನಾನು: ದುಡ್ಡಿನ ಪ್ರಶ್ನೆ ಅಲ್ಲ ಅಪ್ಪಚ್ಚಿ. ಅವನ ಬಲಭುಜ ಫೆಬ್ರವರಿಯಲ್ಲಿ ಕಬಡ್ಡಿಯಲ್ಲಿ ಒಮ್ಮೆ ಜಾರಿದೆ, ಏಪ್ರಿಲ್‌ನಲ್ಲಿ ಅಟ್ಟದಿಂದ ಗೋಣಿ ಇಳಿಸುವಾಗ ಇನ್ನೊಮ್ಮೆ. ಅವನಿಗೆ ಈಗ 20. ಈ ಪ್ರಾಯದಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಮತ್ತೆ ಜಾರುವುದೇ ಜಾಸ್ತಿ. ಬೆಲ್ಟ್ ಉಂಟಲ್ಲ ಅಂತ ಧೈರ್ಯದಲ್ಲಿ ದೋಟಿ ಎತ್ತಿದರೆ ತೋಟದ ನಡುವೆ ಮೂರನೇ ಸಲ ಜಾರುತ್ತದೆ. ನನಗೆ ಅದರ ಹೆದರಿಕೆ.

ನೀರ್ಚಾಲು ಅಪ್ಪಚ್ಚಿ: ನಾನು ಸೊಂಟಕ್ಕೆ ಬೆಲ್ಟ್ ಕಟ್ಟಿ ಹತ್ತು ವರ್ಷ ಆಯಿತು. ಅದಿಲ್ಲದಿದ್ದರೆ ನಾನು ತೋಟಕ್ಕೆ ಇಳಿಯುತ್ತಲೇ ಇರಲಿಲ್ಲ. ಬೆಲ್ಟಿನಿಂದ ಪ್ರಯೋಜನ ಇಲ್ಲ ಅಂತ ನನ್ನ ಹತ್ತಿರ ಹೇಳಬೇಡ. ಹೋದ ವರ್ಷ ಮದ್ದು ಬಿಡುವುದು ತಡ ಆಗಿ ಕೊಳೆರೋಗ ಬಂದು ಎಷ್ಟು ಅಡಿಕೆ ಉದುರಿತು ಅಂತ ನಿಮಗೆಲ್ಲ ಗೊತ್ತು. ಜನ ಸಿಗುವುದಿಲ್ಲ. ಮನೆಯಲ್ಲಿ ಇರುವುದು ಅವನೊಬ್ಬ.

ಬದಿಯಡ್ಕ ಭಾವ: ಅದು ಸರಿಯೇ. ಜನದ ತೊಂದರೆ ಎಲ್ಲರಿಗೂ ಉಂಟು.

ನಾನು: ಪ್ರಯೋಜನ ಇಲ್ಲ ಅಂತ ನಾನು ಹೇಳಲಿಲ್ಲ ಅಪ್ಪಚ್ಚಿ. ಭುಜದ ಕೀಲೇ ಬೇರೆ ರೀತಿ. ತೊಡೆಯ ಕೀಲನ್ನು ನೋಡಿ, ಕಡೆಯುವ ಕಲ್ಲಿನ ಗುಂಡು ಗುಂಡಿಯೊಳಗೆ ಕೂತ ಹಾಗೆ ಆಳವಾಗಿ ಕೂತಿದೆ. ಭುಜದಲ್ಲಿ ಹಾಗೆ ಗುಂಡಿ ಇಲ್ಲ. ಗುಂಡು ದೊಡ್ಡದು, ಅದು ಒರಗುವ ತಟ್ಟೆ ಸಣ್ಣದು, ಆಳವೂ ಇಲ್ಲ. ಯಾವ ಹೊತ್ತಿಗೂ ಗುಂಡಿನ ಮೂರರಲ್ಲಿ ಒಂದು ಪಾಲು ಸಹ ತಟ್ಟೆಗೆ ತಾಗಿ ಇರುವುದಿಲ್ಲ. ಅದಕ್ಕೇ ಕೈಯನ್ನು ಎಲ್ಲಾ ಕಡೆಗೂ ತಿರುಗಿಸಲು ಆಗುವುದು, ಜಾರುವುದೂ ಅದಕ್ಕೇ. ತಟ್ಟೆಯ ಸುತ್ತ ರಬ್ಬರಿನಂಥ ಒಂದು ಅಂಚು, ಲಿಗಮೆಂಟು, ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು, ಇವೇ ಹಿಡಿದು ನಿಲ್ಲಿಸುವುದು. ಅಂಚು ಕಿತ್ತು ಹೋದರೆ ಹೊರಗಿನಿಂದ ಬಟ್ಟೆ ಸುತ್ತಿ ಅದನ್ನು ಅಂಟಿಸಲು ಆಗುವುದಿಲ್ಲ.

ಮಂಗಳೂರು ಅತ್ತಿಗೆ: ಈಗ ಡ್ಯೂಟಿ ಮುಗಿಯಿತು, ಎಲ್ಲಾ ಓದಿದೆ. ಮಾಣಿಯ ಎಂಆರ್‌ಐ ರಿಪೋರ್ಟ್ ನಾನು ನೋಡಿದ್ದೇನೆ. ಅದರಲ್ಲಿ ಬ್ಯಾಂಕರ್ಟ್ ಅಂತ ಬರೆದಿದ್ದಾರೆ. ಅಂಚು ಮುಂದಿನ ಕಡೆಯಲ್ಲಿ, ಕೆಳಗೆ ಕಿತ್ತಿದೆ ಅಂತ ಅರ್ಥ. ಭುಜ ಪದೇ ಪದೇ ಜಾರುವುದಕ್ಕೆ ಈ ಗಾಯವೇ ಮುಖ್ಯ ಕಾರಣ ಅಂತ 1923ರಲ್ಲೇ ಬ್ಯಾಂಕರ್ಟ್ ಎಂಬ ಲಂಡನ್ನಿನ ಸರ್ಜನ್ ಬರೆದಿದ್ದರು. ಹೆಸರು ಅವರದ್ದೇ. ಮ್ಯಾಗ್ನೆಟ್ ಇಟ್ಟು 21 ದಿನದಲ್ಲಿ ಅದು ಕೂಡುವುದಿಲ್ಲ ಅಪ್ಪಚ್ಚಿ. ನಾನು ದಿನಾ ಇದೇ ಕೆಲಸ ಮಾಡುವವಳು, ಅದಕ್ಕೆ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಪೆರ್ಲ ಅತ್ತೆ: ಹಾಗಾದರೆ ಎಣ್ಣೆ ಹಾಕಿ ಉಜ್ಜಿ, ನಾಟಿ ಮದ್ದಿನವರ ಹತ್ತಿರ ಎಳೆಸಿ ಕೂರಿಸುವುದು. ಮೊದಲು ಎಲ್ಲರೂ ಹಾಗೇ ಮಾಡುತ್ತಿದ್ದದ್ದು.

ಮಂಗಳೂರು ಅತ್ತಿಗೆ: ಅತ್ತೆ, ಎಳೆಸುವುದು ಮಾತ್ರ ಬೇಡ. ಜಾರಿದಾಗ ಎಲುಬಿನ ತುಂಡು ಒಡೆದಿರಬಹುದು, ನರ ಒತ್ತಿಕೊಂಡಿರಬಹುದು. ಎಕ್ಸ್‌ರೇ ತೆಗೆಯದೆ ಎಳೆದರೆ ಅದು ಗೊತ್ತೇ ಆಗುವುದಿಲ್ಲ. ತೋಳಿನ ಮೇಲ್ಭಾಗದ ಹೊರಬದಿ ಜೋಮು ಹಿಡಿದರೆ ನರಕ್ಕೆ ಪೆಟ್ಟಾಗಿದೆ ಅಂತ ಸಂಶಯ ಬರಬೇಕು. ಜಾರಿದ ಕೂಡಲೇ ಕೈಯನ್ನು ನೋವು ಕಡಿಮೆ ಇರುವ ಹಾಗೆ ಬೈರಾಸಿನಲ್ಲಿ (ಟವೆಲಿನಲ್ಲಿ) ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಬೇರೆ ಎಂತದೂ ಬೇಡ.

ಪೆರ್ಲ ಅತ್ತೆ: ನನ್ನ ಭುಜವೂ ಎತ್ತುವಾಗ ನೋಯುತ್ತದೆ, ನನಗೂ ಬೆಲ್ಟ್ ಬೇಕಾ?

ಮಂಗಳೂರು ಅತ್ತಿಗೆ: ನಿಮ್ಮದು ಜಾರುವುದಲ್ಲ ಅತ್ತೆ. ನಿಮ್ಮ ಪ್ರಾಯದಲ್ಲಿ ಸ್ನಾಯು ಸವೆಯುವುದು, ಕೀಲು ಬಿಗಿಯುವುದು ಜಾಸ್ತಿ. ಬೆಲ್ಟ್ ಕಟ್ಟಿ ಕೂತರೆ ಇನ್ನೂ ಬಿಗಿಯುತ್ತದೆ. ಶನಿವಾರ ಬಂದಾಗ ನೋಡುತ್ತೇನೆ.

ನೀರ್ಚಾಲು ಅಪ್ಪಚ್ಚಿ: ಸರಿ. ಈ ಬೆಲ್ಟ್ ಬೇಡ. ಹಾಗಾದರೆ ಯಾವುದು ಬೇಕು ಅಂತ ಹೇಳಿ. ಬೇಡ ಅಂತ ಹೇಳಲು ಹತ್ತು ಜನ ಇದ್ದೀರಿ.

ನಾನು: ಹೇಳುತ್ತೇನೆ ಅಪ್ಪಚ್ಚಿ, ಸ್ವಲ್ಪ ಉದ್ದ ಆಗುತ್ತದೆ. ನನಗೆ 19ರಲ್ಲಿ ವಾಲಿಬಾಲ್ ಹೊಡೆಯುವಾಗ ಜಾರಿತ್ತು, ನಿಮಗೆ ನೆನಪಿರಬಹುದು. ಆಗ ನಾನೂ ಒಂದು ಅಂಗಡಿಗೆ ಹೋಗಿ ಬೆಲ್ಟ್ ಕೇಳಿದೆ. ಅಂಗಡಿಯವರು ನನ್ನನ್ನು ಒಮ್ಮೆ ನೋಡಿ ‘ಮೀಡಿಯಂ’ ಅಂತ ಕೊಟ್ಟರು. ಎದೆ ಅಳೆಯಲಿಲ್ಲ, ತೋಳು ಅಳೆಯಲಿಲ್ಲ, ಯಾವ ಕಡೆಗೆ ಜಾರುತ್ತದೆ ಅಂತ ಕೇಳಲಿಲ್ಲ. ಪಟ್ಟಿಯನ್ನು ಬೆನ್ನಿನ ಕಡೆಗೆ ಎಳೆದು ಕಟ್ಟಲು ಹೇಳಿಕೊಟ್ಟರು. ನನ್ನದು ಮುಂದಕ್ಕೆ ಜಾರುವ ಭುಜ, ಹೆಚ್ಚಿನವರದ್ದೂ ಹಾಗೇ. ಅಂಥವರಿಗೆ ಪಟ್ಟಿ ತೋಳನ್ನು ಎದೆಯ ಕಡೆಗೆ, ಒಳಕ್ಕೆ ತರಬೇಕು. ನಾನು ಎರಡು ವರ್ಷ ತೋಳನ್ನು ಹಿಂದಕ್ಕೆ ಎಳೆಯುವ ಹಾಗೆ ಕಟ್ಟಿಕೊಂಡೆ. ಹಗಲು ರಾತ್ರಿ ಕಟ್ಟಿಕೊಂಡೆ. ತೋಳು ಸಪೂರ ಆಯಿತು. ಒಂದು ದಿನ ಬೆಲ್ಟ್ ಹಾಕಿಕೊಂಡೇ ಹಗ್ಗಕ್ಕೆ ಸೀರೆ ಒಣಹಾಕುವಾಗ ಜಾರಿತು. ಬರೀ ಒಂದು ಒದ್ದೆ ಸೀರೆ. ಆ ನೋವಿಗಿಂತ ಜಾಸ್ತಿ, ಇನ್ನು ಯಾವುದಕ್ಕೂ ಕೈ ಚಾಚಲು ಸಾಧ್ಯವೇ ಇಲ್ಲ ಅಂತ ಆದ ಹೆದರಿಕೆ ನನಗೆ ಈಗಲೂ ನೆನಪಿದೆ. 23ಕ್ಕೆ ಆಪರೇಷನ್ ಆಯಿತು. ಮಾಣಿಗೆ ಹಾಗೆ ಆಗಬಾರದು.

ಬದಿಯಡ್ಕ ಭಾವ: ನಮಗೆ ಇಷ್ಟೆಲ್ಲಾ ಗೊತ್ತಿರಲಿಲ್ಲ.

ಮಂಗಳೂರು ಅತ್ತಿಗೆ: ಅಂಗಡಿಯಲ್ಲಿ ಎಲ್ಲದಕ್ಕೂ ಬೆಲ್ಟ್ ಅಂತಲೇ ಹೇಳುತ್ತಾರೆ, ಆದರೆ ನಾಲ್ಕೈದು ಬೇರೆ ಬೇರೆ ಸಾಮಾನು ಉಂಟು. ಕುತ್ತಿಗೆಗೆ ನೇತು ಹಾಕುವ ಜೋಳಿಗೆ ಸ್ಲಿಂಗ್. ಸ್ಲಿಂಗಿನ ಜೊತೆ ಸೊಂಟಕ್ಕೂ ಪಟ್ಟಿ ಬಂದು ಕೈಯನ್ನು ಹೊಟ್ಟೆಗೆ ಅಂಟಿಸಿ ಹಿಡಿಯುವುದು ಇಮ್ಮೊಬಿಲೈಸರ್. ಇವೆರಡು ಜಾರಿದ ನಂತರದ ಮೊದಲ ಕೆಲವು ವಾರಕ್ಕೆ ಅಥವಾ ಆಪರೇಷನ್ ಆದ ಮೇಲೆ, ಡಾಕ್ಟರು ಹೇಳಿದಷ್ಟು ದಿನ ಮಾತ್ರ. ಆಮೇಲೆ ನಿಯೋಪ್ರೀನಿನ ಬಿಗಿ ತೋಳು, ಅಂದರೆ ದಪ್ಪ ರಬ್ಬರ್ ಬಟ್ಟೆಯದ್ದು. ಅದು ಬೆಚ್ಚಗೆ ಇಡುತ್ತದೆ, ಚರ್ಮಕ್ಕೆ ಒತ್ತಿ ಹಿಡಿದು ‘ಇಲ್ಲಿ ಭುಜ ಉಂಟು, ಜಾಗ್ರತೆ’ ಅಂತ ನೆನಪು ಮಾಡುತ್ತದೆ. ಜಾರುವುದನ್ನು ತಡೆಯುವಷ್ಟು ಬಲ ಅದಕ್ಕಿಲ್ಲ. ವಿಡಿಯೊದಲ್ಲಿ ಇರುವುದು ಆ ಜಾತಿಯದ್ದು. ಕೊನೆಯದ್ದು ತೋಳಿಗೂ ಎದೆಗೂ ನಡುವೆ ಗಟ್ಟಿ ಪಟ್ಟಿ ಇರುವ ಬ್ರೇಸ್. ಕೈ ಒಂದು ಮಟ್ಟಕ್ಕಿಂತ ಮೇಲೆ ಹೋಗದ ಹಾಗೆ, ಹೊರಕ್ಕೆ ತಿರುಗದ ಹಾಗೆ ತಡೆಯುತ್ತದೆ. ಮಾಣಿಗೆ ಏನಾದರೂ ಬೇಕಿದ್ದರೆ ಅದು.

ನೀರ್ಚಾಲು ಅಪ್ಪಚ್ಚಿ: ಅದನ್ನೇ ತರಿಸುವ. ಅದು ಹಾಕಿ ದೋಟಿ ಹಿಡಿಯಲಿ.

ನಾನು: ಅಪ್ಪಚ್ಚಿ, ಇಲ್ಲೇ ಇರುವುದು ವಿಷಯ. ಭುಜ ಮುಂದಕ್ಕೆ ಜಾರುವುದು ಯಾವಾಗ? ಕೈ ಪಕ್ಕಕ್ಕೆ ಮೇಲೆ ಹೋಗಿ, ಹೊರಗೆ ತಿರುಗಿ, ಹಿಂದಕ್ಕೆ ಎಳೆಯಲ್ಪಟ್ಟಾಗ. ಕಲ್ಲು ಎಸೆಯಲು ಕೈ ಎತ್ತಿದ ಹಾಗೆ. ದೋಟಿ ಹಿಡಿದು ತಲೆ ಎತ್ತಿ ಅಡಿಕೆ ಗೊನೆಗೆ ಮದ್ದು ಬಿಡುವಾಗ ಎರಡು ಕೈಯೂ ತಲೆಯ ಮೇಲೆ. ಮೇಲೆ ಗಾಳಿ ಬೀಸಿ ದೋಟಿ ವಾಲಿದರೆ ಅದನ್ನು ಹಿಡಿದು ನಿಲ್ಲಿಸಲು ಭುಜವೇ ಎಳೆಯಬೇಕು. ಆ ಬ್ರೇಸ್ ತಡೆಯುವುದು ಅದೇ ಭಂಗಿಯನ್ನು. ಕೈ ಎತ್ತಲು ಬಿಡುವ ಬೆಲ್ಟ್ ಅವನನ್ನು ಕಾಯುವುದಿಲ್ಲ. ಕಾಯುವ ಬೆಲ್ಟ್ ಕೈ ಎತ್ತಲು ಬಿಡುವುದಿಲ್ಲ. ಎರಡೂ ಒಟ್ಟಿಗೆ ಕೊಡುವ ಬೆಲ್ಟ್ ಯಾವ ಅಂಗಡಿಯಲ್ಲೂ ಇಲ್ಲ.

ನೀರ್ಚಾಲು ಅಪ್ಪಚ್ಚಿ: ಮತ್ತೆ ಬ್ರೇಸ್ ಎಂತಕ್ಕೆ?

ಮಂಗಳೂರು ಅತ್ತಿಗೆ: ಎದೆಯ ಮಟ್ಟಕ್ಕಿಂತ ಕೆಳಗಿನ ಕೆಲಸಕ್ಕೆ. ಅಡಿಕೆ ಹೆಕ್ಕುವುದು, ಅಂಗಳದಲ್ಲಿ ಹರಡುವುದು, ಜನ ತುಂಬಿದ ಬಸ್ಸಿನಲ್ಲಿ ಹೋಗುವುದು. ಬೈಕು ಬೇಡ. ಅಕಸ್ಮಾತ್ ಕೈ ಎಳೆದು ಹೋದರೆ ಪಟ್ಟಿ ತಡೆಯುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಬೇಕು. ನಿಜವಾಗಿ ಭುಜವನ್ನು ಹಿಡಿಯಬೇಕಾದದ್ದು ಆ ನಾಲ್ಕು ಸ್ನಾಯು, ಬೆನ್ನಿನ ಹಲಗೆಯ ಸ್ನಾಯು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಅಂಗೈಯಿಂದ ಗೋಡೆ ತಳ್ಳುವುದು, ಆಮೇಲೆ ರಬ್ಬರ್ ಪಟ್ಟಿ ಎಳೆಯುವುದು, ಮೆಲ್ಲ ಮೆಲ್ಲ ಜಾಸ್ತಿ ಮಾಡುವುದು. ತಿಂಗಳುಗಟ್ಟಲೆ ಹಿಡಿಯುತ್ತದೆ. ಇಷ್ಟು ಮಾಡಿದರೂ ಅವನ ಪ್ರಾಯಕ್ಕೆ, ಅವನ ಆಟಕ್ಕೆ ಆಪರೇಷನ್ ಬೇಕಾಗಬಹುದು. ಅದನ್ನು ಸರ್ಜನ್ ಹೇಳಬೇಕು, ನಾನಲ್ಲ. ಆದರೆ ಆಪರೇಷನ್ ಆದರೂ ವ್ಯಾಯಾಮ ತಪ್ಪುವುದಿಲ್ಲ.

ಬದಿಯಡ್ಕ ಭಾವ: ಮಾಣಿ ಆನ್‌ಲೈನ್ ಇದ್ದಾನೆ. ಎಲ್ಲಾ ಓದುತ್ತಾ ಇದ್ದಾನೆ. ನೀನು ಒಂದು ಮಾತು ಹೇಳು ಮಾರಾಯ.

ಪೆರ್ಲ ಅತ್ತೆ: ಹೌದು ಮಗಾ, ನಿನಗೆ ಹೇಗಿದೆ ಅಂತ ನೀನೇ ಹೇಳು.

ಮಾಣಿ: ಒಂದು ವಿಷಯ ಹೇಳಬೇಕು. ಅಪ್ಪ ಬೈಯಬಾರದು.

ಮಾಣಿ: ನಾನು ಒಂದು ತಿಂಗಳಿನಿಂದ ನಿಯೋಪ್ರೀನ್ ಬೆಲ್ಟ್ ಹಾಕಿ ಕಬಡ್ಡಿ ಪ್ರಾಕ್ಟೀಸಿಗೆ ಹೋಗುತ್ತಾ ಇದ್ದೆ. ಫ್ರೆಂಡಿನದ್ದು. ಅಂಗಿಯ ಒಳಗೆ ಹಾಕುತ್ತಿದ್ದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಬೆಲ್ಟ್ ಹಾಕಿದರೆ ಭುಜ ಗಟ್ಟಿ ಇದೆ ಅಂತ ಅನಿಸುತ್ತಿತ್ತು. ಹೋದ ಶುಕ್ರವಾರ ಪಕ್ಕದವನೂ ನಾನೂ ಕೈ ಹಿಡಿದು ಚೈನ್ ಮಾಡಿ ನಿಂತಿದ್ದೆವು, ಎದುರು ಕಡೆಯ ರೈಡರ್ ನಮ್ಮಿಬ್ಬರ ನಡುವೆ ನುಗ್ಗಿದ. ಕೈ ಹಿಂದೆ ಹೋಯಿತು. ಪೂರ್ತಿ ಬರಲಿಲ್ಲ, ಅರ್ಧ ಜಾರಿ ತನ್ನಷ್ಟಕ್ಕೆ ಒಳಗೆ ಹೋಯಿತು. ಅವತ್ತಿನಿಂದ ಹಲ್ಲುಜ್ಜಲು ಸಹ ಎಡಗೈ.

ನೀರ್ಚಾಲು ಅಪ್ಪಚ್ಚಿ: ಇಷ್ಟು ದಿನ ಹೇಳಲಿಲ್ಲ ನೀನು.

ಮಾಣಿ: ಹೇಳಿದರೆ ಟೀಮಿನಿಂದ ತೆಗೆಯುತ್ತಾರೆ. ಮತ್ತೆ ತೋಟದ ಕೆಲಸಕ್ಕೂ ನೀವೊಬ್ಬರೇ ಆಗುತ್ತೀರಿ.

ನಾನು: ತಮ್ಮಾ, ಹೇಳಿದ್ದು ಒಳ್ಳೆಯದಾಯಿತು. ನಾನೂ ಹೀಗೇ ಬಚ್ಚಿಟ್ಟಿದ್ದೆ. ಗಟ್ಟಿ ಇದೆ ಅಂತ ಅನಿಸುವುದು ಬೇರೆ, ಗಟ್ಟಿ ಇರುವುದು ಬೇರೆ. ಚೈನಿನಲ್ಲಿ ಪಕ್ಕದವನ ಕೈ ಹಿಡಿದು ನಿಂತಾಗ ನಿನ್ನ ತೋಳು ಪಕ್ಕಕ್ಕೆ ಚಾಚಿಯೇ ಇರುತ್ತದೆ, ಎಳೆದರೆ ಹೋಗುವುದು ಹಿಂದಕ್ಕೇ. ಅರ್ಧ ಜಾರಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ಸಲ ಜಾರುವಾಗ ಅಂಚು ಇನ್ನಷ್ಟು ಹರಿಯಬಹುದು, ಎಲುಬೂ ಸವೆಯುತ್ತದೆ.

ಮಂಗಳೂರು ಅತ್ತಿಗೆ: ಮೊದಲು ಸರ್ಜನ್‌ಗೆ ತೋರಿಸುವುದು. ನಾಡಿದ್ದು ಶುಕ್ರವಾರಕ್ಕೆ ಮಂಗಳೂರಿನಲ್ಲಿ ನಾನು ಟೈಮ್ ತೆಗೆದಿಡುತ್ತೇನೆ. ಅಲ್ಲಿಯವರೆಗೆ ಸ್ಲಿಂಗ್ ಹಾಕು. ಬೆರಳು, ಮಣಿಕಟ್ಟು, ಮೊಣಕೈ ಆಡಿಸುತ್ತಾ ಇರು. ಬ್ರೇಸ್ ತೆಗೆದುಕೊಳ್ಳಲು ಅವರು ಹೇಳಿದರೆ ಆ ಕಂಪನಿಯ ಅಳತೆ ಪಟ್ಟಿ ನೋಡಿ ತೆಗೆದುಕೊಳ್ಳುವ. ಕೆಲವರು ಎದೆಯ ಸುತ್ತಳತೆ ಕೇಳುತ್ತಾರೆ, ಕೆಲವರು ತೋಳಿನದ್ದೂ. ಬಲ ಎಡ ಬೇರೆ ಇರುವುದೂ ಉಂಟು.

ಬದಿಯಡ್ಕ ಭಾವ: ಹಾಕುವುದು ಹೇಗೆ ಅಂತಲೂ ಬರೆದುಬಿಡು, ಒಳ್ಳೆಯದು.

ಮಂಗಳೂರು ಅತ್ತಿಗೆ: ಒಳಗೆ ತೆಳು ಹತ್ತಿ ಬನಿಯನ್. ಕನ್ನಡಿ ಎದುರು ಕೂತು, ಅಂಗೈ ಹೊಟ್ಟೆಯ ಮೇಲೆ ಇಟ್ಟುಕೊಂಡು, ಬೇರೆಯವರ ಕೈಯಿಂದ ಹಾಕಿಸಿಕೊಳ್ಳಬೇಕು. ಒಬ್ಬನೇ ಹಾಕಲು ಹೋದರೆ ಕೈ ತೂರಿಸುವಾಗಲೇ ಹೊರಗೆ ತಿರುಗುತ್ತದೆ. ಎದೆಯ ಪಟ್ಟಿ ಇನ್ನೊಂದು ಕಂಕುಳಿನ ಅಡಿಯಿಂದ ಬರುತ್ತದೆ, ಅಲ್ಲಿ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ. ಹಾಕಿದ ಮೇಲೆ ಮೊಣಕೈಯನ್ನು ಮೆಲ್ಲ ಪಕ್ಕಕ್ಕೆ ಎತ್ತಿ ನೋಡಬೇಕು. ಭುಜದ ಮಟ್ಟ ಮುಟ್ಟುವ ಮೊದಲೇ ಪಟ್ಟಿ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಪಟ್ಟಿ ಸಡಿಲ ಅಥವಾ ಕಟ್ಟಿದ್ದು ತಪ್ಪು. ಹತ್ತು ನಿಮಿಷ ಬಿಟ್ಟು ಬೆರಳು ನೋಡಬೇಕು. ತಣ್ಣಗೆ, ನೀಲಿ, ಜೋಮು ಆದರೆ ಕೂಡಲೇ ಬಿಚ್ಚಬೇಕು. ಮಲಗುವಾಗ ಬೇಡ.

ನಾನು: ಇನ್ನೊಂದು, ನಮ್ಮ ಊರಿನ ಮಳೆಗಾಲದಲ್ಲಿ ಅದು ಒಣಗುವುದಿಲ್ಲ. ಬೆವರಿದ್ದನ್ನೇ ಮರುದಿನ ಹಾಕಿ ನನಗೆ ಕಂಕುಳಿನಲ್ಲಿ ತುರಿ ಬಂದು ಎರಡು ತಿಂಗಳು ಹೋಗಲಿಲ್ಲ. ತಣ್ಣೀರಿನಲ್ಲಿ ಕೈಯಲ್ಲೇ ತೊಳೆದು, ವೆಲ್ಕ್ರೋ ಮುಚ್ಚಿ, ಫ್ಯಾನಿನ ಕೆಳಗೆ ಒಣಗಿಸಬೇಕು. ಒಲೆಯ ಮೇಲೆ ಅಟ್ಟದಲ್ಲಿ ಹಾಕಬಾರದು. ವೆಲ್ಕ್ರೋದಲ್ಲಿ ನೂಲು, ಕಸ ಸೇರಿದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯಬೇಕು. ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಬಿಟ್ಟುಕೊಳ್ಳುತ್ತದೆ.

ನೀರ್ಚಾಲು ಅಪ್ಪಚ್ಚಿ: ಶುಕ್ರವಾರ ನಾನೇ ಕರೆದುಕೊಂಡು ಬರುತ್ತೇನೆ. ಬೆಳಗ್ಗಿನ ರೈಲಿಗೆ ಕುಂಬಳೆಯಿಂದ ಹತ್ತುತ್ತೇವೆ. ಮಾಣಿ, ಆ ಫ್ರೆಂಡಿನ ಬೆಲ್ಟ್ ನಾಳೆಯೇ ವಾಪಸ್ ಕೊಡು.

ಮಾಣಿ: ಸರಿ ಅಪ್ಪ.

ನೀರ್ಚಾಲು ಅಪ್ಪಚ್ಚಿ: ಮೇಲಿನ ವಿಡಿಯೊ ಡಿಲೀಟ್ ಮಾಡಿದ್ದೇನೆ. ಅಡಿಕೆ ಗುಂಪಿಗೂ ಕಳಿಸಿದ್ದೆ, ಅಲ್ಲಿಯೂ ತೆಗೆಯುತ್ತೇನೆ. ಮದ್ದಿನದ್ದು ಎಂತ ಮಾಡುವುದು ಅಂತ ಮಾತ್ರ ಗೊತ್ತಾಗುವುದಿಲ್ಲ. ಮೈಲುತುತ್ತು, ಸುಣ್ಣ ಎಲ್ಲಾ ತಂದು ಇಟ್ಟಾಗಿದೆ.

ಬದಿಯಡ್ಕ ಭಾವ: ನಮ್ಮ ತೋಟದ್ದು ಶನಿವಾರಕ್ಕೆ ಮುಗಿಯುತ್ತದೆ. ದೋಟಿಯವರು ಇಬ್ಬರು ಇದ್ದಾರೆ. ಆದಿತ್ಯವಾರ ಬೆಳಗ್ಗೆ ಆರೂವರೆಗೆ ಅವರನ್ನು ಕರೆದುಕೊಂಡು ನಾನೂ ಬರುತ್ತೇನೆ. ಮಾಣಿ ಕೆಳಗೆ ಪಂಪಿನ ಹತ್ತಿರ ಎಡಗೈಯಲ್ಲಿ ಸ್ವಿಚ್ಚು ನೋಡಿಕೊಂಡರೆ ಸಾಕು.

ಪೆರ್ಲ ಅತ್ತೆ: ತಿಂಡಿಗೆ ನಾನು ಬರುತ್ತೇನೆ. ಎಷ್ಟು ಜನ ಅಂತ ಹೇಳಿ.