ತುರ್ತು ವಿಭಾಗದಲ್ಲಿ ಮನೋವೈದ್ಯರ ಕೆಲಸವೇನು?

ಪ್ರಶ್ನೆ (ಬದಿಯಡ್ಕ):
ಆತ್ಮಹತ್ಯೆಗೆ ಯತ್ನಿಸಿದ ನಮ್ಮ ಸಂಬಂಧಿಕ ಹುಡುಗನನ್ನು ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೇವೆ. ಜೀವಾಪಾಯವಿಲ್ಲ ಎಂದ ಮೇಲೂ, ಮನೋವೈದ್ಯರು ನೋಡದೆ ಬಿಡುಗಡೆಯಿಲ್ಲ ಎನ್ನುತ್ತಾರೆ. ಇದು ಅಗತ್ಯವೇ? ಪೊಲೀಸ್ ಕೇಸಾದೀತೆಂಬ ಅಂಜಿಕೆಯೂ ಮನೆಯವರಿಗಿದೆ.

ಉತ್ತರ 1:
ಖಂಡಿತ ಅಗತ್ಯ. ಉಸಿರಾಟ, ರಕ್ತದೊತ್ತಡ, ಪ್ರಜ್ಞೆ ಇವೆಲ್ಲ ತುರ್ತು ವೈದ್ಯರ ಹೊಣೆ. ರೋಗಿ ಸ್ಪಷ್ಟವಾಗಿ ಮಾತನಾಡುವಂತಾದ ಮೇಲೆ ಮನೋವೈದ್ಯರು ಮನೆಯವರನ್ನು ಪರದೆಯ ಆಚೆ ಕಳುಹಿಸಿ, ಸಾಯುವ ಯೋಚನೆ ಈಗಲೂ ಇದೆಯೇ, ಹಿಂದೆಯೂ ಯತ್ನಿಸಿದ್ದುಂಟೇ, ಖಿನ್ನತೆ ಅಥವಾ ಕುಡಿತವಿದೆಯೇ, ಬದುಕುಳಿದದ್ದರ ಬಗ್ಗೆ ಏನನ್ನಿಸುತ್ತಿದೆ ಎಂದು ನೇರವಾಗಿಯೇ ಕೇಳುತ್ತಾರೆ. (ಹಾಗೆ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತೆ ಎನ್ನುವುದು ಬರಿಯ ಭಯ.) ದಾಖಲಿಸಬೇಕೇ, ಮನೆಗೆ ಕಳುಹಿಸಬಹುದೇ ಎಂಬ ತೀರ್ಮಾನ ಈ ಮಾತುಕತೆಯ ಮೇಲೆ ನಿಂತಿರುತ್ತದೆ. ಮನೆಗೆ ಕಳುಹಿಸುವುದಾದರೆ ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಇಡುವುದು, ಜೊತೆಗಿರುವವರು ಯಾರು, ಮುಂದಿನ ಭೇಟಿ ಯಾವಾಗ ಎಂಬುದೂ ನಿಶ್ಚಯವಾಗಬೇಕು. ಬಿಡುಗಡೆಯ ನಂತರದ ಮೊದಲ ವಾರಗಳಲ್ಲಿ ಅಪಾಯ ಹೆಚ್ಚು. ಆ ಭೇಟಿಯನ್ನು ತಪ್ಪಿಸಬೇಡಿ.

ಉತ್ತರ 2:
2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಆಸ್ಪತ್ರೆಯವರು ಠಾಣೆಗೆ ತಿಳಿಸಿದರೂ ಗಾಬರಿಯಾಗಬೇಡಿ.

ಉತ್ತರ 3 (ಕುಂಬಳೆ):
ನಮ್ಮ ಕಡೆ ಇನ್ನೊಂದು ತೊಡಕಿದೆ. ಹುಡುಗ ಮನೆಯಲ್ಲಿ ತುಳು ಆಡುವವನು, ವೈದ್ಯರದು ಮಲಯಾಳವೋ ಇಂಗ್ಲಿಷೋ ಆಗಿದ್ದು, ಅಪ್ಪನೇ ನಡುವೆ ನಿಂತು ದುಭಾಷಿಯಾದರೆ ಅವನು ನಿಜ ಹೇಳಿಯಾನೇ? ಭಾಷೆ ಬಲ್ಲ ನರ್ಸ್ ಒಬ್ಬರನ್ನು ಕೇಳಿಕೊಳ್ಳಿ. ಮನೆಗೆ ಬಂದ ಮೇಲೆ ಅಪರಾತ್ರಿಯಲ್ಲಿ ಕಷ್ಟವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬಹುದು. ದಿನದ 24 ಗಂಟೆಯೂ ಉಚಿತ.