ಓತಿಕ್ಯಾತನ ಮೊಟ್ಟೆ, ಅಜ್ಜಿಯ ಹಂಡೆ

ಸಿಡ್ನಿಯಿಂದ ಕಿರಣ ಮನೆ ಗುಂಪಿಗೆ ಫೋಟೋ ಹಾಕಿದ್ದ. ಅವನು ಸಾಕಿರುವ ಬಿಯರ್ಡೆಡ್ ಡ್ರ್ಯಾಗನ್, ಅಂದರೆ ಗಡ್ಡದ ಓತಿ, 22 ಮೊಟ್ಟೆ ಇಟ್ಟಿತ್ತು. ಹತ್ತೇ ನಿಮಿಷಕ್ಕೆ ದೊಡ್ಡಪ್ಪನ ಫಾರ್ವರ್ಡ್ ಬಂತು.

ದೊಡ್ಡಪ್ಪ: ಎಚ್ಚರ! ಈ ಓತಿಯ ಮೊಟ್ಟೆಗೆ ಬಿಸಿ ತಾಗಿದರೆ ಗಂಡು ಹೆಣ್ಣಾಗುತ್ತದೆ! ಮನೆಯಲ್ಲಿಟ್ಟರೆ ಸಂತಾನಕ್ಕೆ ತೊಂದರೆ. ಎಲ್ಲರಿಗೂ ಕಳಿಸಿ.

ಸುಮಾ: ಯಾರು ಹೇಳಿದ್ದು ದೊಡ್ಡಪ್ಪ?

ದೊಡ್ಡಪ್ಪ: ನನ್ನ ವಾಕಿಂಗ್ ಸ್ನೇಹಿತರು. ರಿಟೈರ್ಡ್ ಇಂಜಿನಿಯರ್.

ಸುಮಾ: ಓತಿಕ್ಯಾತನಿಗೆ ಬೇಲಿ ಗೂಟ ಸಾಕ್ಷಿ!

ದೊಡ್ಡಪ್ಪ: ದೊಡ್ಡವರನ್ನ ಓತಿಕ್ಯಾತ ಅನ್ನೋದಾ? ಓದಿದ್ದು ಜಾಸ್ತಿಯಾಯ್ತು ನಿನಗೆ.

ಕಿರಣ: ಅರ್ಧ ನಿಜ. 32 ಡಿಗ್ರಿ ದಾಟಿದರೆ ಗಂಡಾಗಬೇಕಿದ್ದ ಮರಿ ಹೆಣ್ಣಾಗಿ ಹುಟ್ಟಬಹುದು. 2015ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲೇ ಬಂದಿದೆ. ಆದರೆ ಅದು ಮೊಟ್ಟೆಯೊಳಗಿನ ಮರಿಯ ವಿಷಯ. ಮನುಷ್ಯರಿಗೇನೂ ಆಗಲ್ಲ.

ದೊಡ್ಡಪ್ಪ: ನೋಡಿ, ನಿಜ ಅಂತ ಅವನೇ ಒಪ್ಪಿಕೊಂಡ.

(‘ನಿಜ’ದ ಹಿಂದಿನ ‘ಅರ್ಧ’, ಮುಂದಿನ ನಾಲ್ಕು ವಾಕ್ಯ ಯಾರೂ ಓದಲಿಲ್ಲ.)

ಕಿರಣ: ನಾನು 29 ಡಿಗ್ರಿಯಲ್ಲಿ ಇಟ್ಟಿದ್ದೀನಿ. ಒದ್ದೆ ವರ್ಮಿಕ್ಯುಲೈಟ್‌ನಲ್ಲಿ (ತೇವ ಹಿಡಿದಿಡೋ ಖನಿಜದ ಪುಡಿ) ಅರ್ಧ ಹೂತು. ಸುಮಾರು ಎರಡು ತಿಂಗಳು ಬೇಕು. ತಾಯಿ ಕಾವು ಕೊಡಲ್ಲ, ಇಟ್ಟು ಹೋಗ್ತಾಳೆ ಅಷ್ಟೆ. ಮೊಟ್ಟೆ ಮಗುಚಬಾರದು, ಮರಿ ಸಾಯಬಹುದು. ಅದಕ್ಕೇ ಮೇಲ್ಗಡೆ ಪೆನ್ಸಿಲ್ ಗುರುತು.

ಚಿಕ್ಕಪ್ಪ: ಅವ್ವನೂ ಕೋಳಿ ಕಾವಿಗೆ ಕೂರಿಸುವಾಗ ಮೊಟ್ಟೆಗೆ ಇದ್ದಿಲಲ್ಲಿ ಗುರುತು ಹಾಕ್ತಿದ್ದಳು. ಹುಲ್ಲು ಹಾಸಿದ ಕುಕ್ಕೆ, 21 ದಿನ, ಬಚ್ಚಲ ಒಲೆ ಪಕ್ಕ... ಆ ದಿನಗಳೇ ಬೇರೆ.

ಕಿರಣ: ಕೋಳಿ ಮೊಟ್ಟೆ ಮಗುಚಲೇಬೇಕು ಚಿಕ್ಕಪ್ಪ. ಇದು ಉಲ್ಟಾ.

ಅತ್ತೆ: ಆ ಒಲೆ ಮೇಲೆ ತಾಮ್ರದ ಹಂಡೆ ಇತ್ತು. ಈಗ ಯಾರ ಮನೆಯಲ್ಲಿದೆ ಅಂತ ಎಲ್ಲರಿಗೂ ಗೊತ್ತು.

ಆರು ತಿಂಗಳಿಂದ ಮಾತಾಡದ ದೊಡ್ಡಮ್ಮ ಟೈಪ್ ಮಾಡತೊಡಗಿದರು. ನಾನು ಚಾರ್ಜರ್ ಹುಡುಕಿದೆ.

ದೊಡ್ಡಮ್ಮ: ಹಂಡೆ ನಿಮ್ಮ ಅವ್ವನೇ ಕೈಯಾರೆ ಕೊಟ್ಟದ್ದು. ನೀವೂ ಅಲ್ಲೇ ಇದ್ರಿ.

ಸುಮಾ: ಇದಕ್ಕೆ ಸಾಕ್ಷಿ?

ದೊಡ್ಡಪ್ಪ: ಸುಮಾ, ಸುಮ್ನಿರು.

ಹಂಡೆಯ ಮೇಲೆ 47 ಮೆಸೇಜ್ ಬಂದವು. ಯಾರು ಎಷ್ಟು ಸಲ ಹುಣಸೆಹಣ್ಣು ಹಚ್ಚಿ ತೊಳೆದರು ಅನ್ನೋದೂ ಬಂತು.

ಮರುವಾರ ಕಿರಣ ಬರೆದ: ಎರಡು ಮೊಟ್ಟೆ ಹಳದಿಯಾಗಿ, ಕುಗ್ಗಿ, ಬೂಸಲು ಹಿಡಿದಿವೆ. ಫಲ ಕಟ್ಟಿರಲಿಲ್ಲ ಅನ್ಸುತ್ತೆ. ಉಳಿದ 20 ಚೆನ್ನಾಗಿವೆ.

ದೊಡ್ಡಪ್ಪ: ನಾನು ಆವತ್ತೇ ಎಚ್ಚರಿಸಿದ್ದೆ.